ಎತ್ತರವೋ ತೂಕವೋ

"ರ‍್ಯಾಂಕಿನ್ಯಾಗ ಸಣ್ಣ ನಂಬರ ಗೆಲ್ಲೂದು, ಹುಚ್ಚಿ!" ಮಾಯಾ ನಕ್ಕು ಜಮುನಾಳ ಪೈಲ್ವಾನನ ಕಾರ್ಡನ್ನು ಎಳೆದುಕೊಂಡಳು. ಸ್ವಲ್ಪ ಹೊತ್ತಿನ ಹಿಂದೆ ಇದೇ ಮಾಯಾ, ದೊಡ್ಡ ನಂಬರೇ ಗೆಲ್ಲುವುದೆಂದು ಹೇಳಿ ಅವಳ ಎರಡನೇ ರ‍್ಯಾಂಕಿನವನನ್ನು ಕಿತ್ತುಕೊಂಡಿದ್ದಳು. ಮುಂಡಗೋಡದ ಹಾಸ್ಟೆಲಿನ ಕಟ್ಟೆಯ ಮೇಲೆ ಮೂವರ ಆಟ: ಪ್ರತಿ ಕಾರ್ಡಿನ ಮೇಲೂ ಒಬ್ಬ ಪೈಲ್ವಾನನ ರ‍್ಯಾಂಕು, ಎತ್ತರ, ತೂಕ; ಸರದಿಯವಳು ಹೆಸರಿಸಿದ್ದರಲ್ಲಿ ಯಾರ ಪೈಲ್ವಾನ ಮೇಲೋ ಅವಳಿಗೆ ಉಳಿದವರ ಕಾರ್ಡು. ಗೆದ್ದವಳಿಗೆ ಇಡೀ ಕಟ್ಟು. ಆ ಹೊಸ ಕಟ್ಟು ಜಮುನಾಳದೇ, ಅಣ್ಣ ಥಾವರೆಪ್ಪ ಮೊನ್ನೆ ಹುಬ್ಬಳ್ಳಿಯಿಂದ ತಂದುಕೊಟ್ಟದ್ದು.

"ಸುಮನಾ, ಈ ರೂಲು ನಿನಗ ಗೊತ್ತಿತ್ತೇನ?" ಜಮುನಾ ಕೇಳಿದಳು.

ಅವಳದೇ ತಾಂಡಾದ ಗೆಳತಿ ತಲೆ ಎತ್ತಲಿಲ್ಲ. "ಗೊತ್ತಿತ್ತು. ನೀ ಎಲ್ಲಿ ನನ್ನ ಕೇಳಿದಿ?"

ಜಮುನಾಳ ಕಿವಿಗಳು ಕಾದವು. ಮೂವರಲ್ಲೂ ಒಂದೊಂದೇ ಕಾರ್ಡು ಉಳಿದಿತ್ತು. ಮಾಯಾ, ಸುಮನಾ ಗೆದ್ದದ್ದು ಸಮಸಮ. ಜಮುನಾಳ ಕೊನೆಯ ಪೈಲ್ವಾನ ಯಾವುದರಲ್ಲೂ ಗೆಲ್ಲುವವನಲ್ಲ. ಆದರೆ ಏನನ್ನು ಹೋಲಿಸಬೇಕೆಂದು ಹೇಳುವ ಸರದಿ ಅವಳದು.

ಸುಮನಾ ಅವಳ ಕಿವಿಗೆ ಬಾಯಿಟ್ಟಳು. "ಎತ್ತರ ಅನ್ನು, ನನ್ನಾವ ಗೆಲ್ತಾನ. ತೂಕ ಅಂದ್ರ ಮಾಯಾಂದು, ಆಕಿ ಕಾರ್ಡು ನಾ ಕಂಡೇನಿ. ನಾ ಗೆದ್ರ ನಿನ್ನ ಕಟ್ಟು ನಿನಗ ತಿರುಗಿ ಕೊಡ್ತೇನಿ, ಆಣಿ."

ಜಮುನಾ ಹಿಂದೆ ಸರಿದು ರೂಲು ಗೊತ್ತಿದ್ದೂ ಹೇಳದ ಆ ಮುಖವನ್ನೇ ನೋಡಿದಳು.

"ತೂಕ," ಎಂದು ಇಡೀ ಹಾಸ್ಟೆಲಿಗೆ ಕೇಳುವಂತೆ ಕೂಗಿದಳು.