ನೋವಿಲ್ಲದ ಬೂಟು

ಸ್ಕೀ ಬೂಟಿನ ಗಟ್ಟಿ ಚಿಪ್ಪಿನಿಂದ ಮೆತ್ತನೆಯ ಒಳಬೂಟನ್ನು ಎಳೆದು ತೆಗೆದ ಕಾಸ್ಪರ್, ಅದರೊಳಗೆ ಕೈ ಹಾಕಿ ಪಾದದಡಿಯ ಅಟ್ಟೆಯನ್ನು ಹೊರತಂದು ದೀಪಕ್ಕೆ ಹಿಡಿದ. ಅವನೇ ಬಿಸಿ ಮಾಡಿ, ಪಾದಕ್ಕೆ ಒತ್ತಿ, ಅಂಚು ಉಜ್ಜಿ ಮಾಡಿಕೊಟ್ಟ ಅಟ್ಟೆ. ಬಂದದ್ದು ಬಲಗಾಲಿನ ಬೂಟಿನಿಂದ. ಅಟ್ಟೆ ಮಾತ್ರ ಎಡಗಾಲಿನದು.

ಇನ್ನೊಂದು ಬೂಟನ್ನೂ ಬಿಚ್ಚಿದ. ಅದರಲ್ಲಿ ಬಲಗಾಲಿನದಿತ್ತು.

"ಮುರಿದಿರೋ ಬಕಲ್ಲು ಹೊರಗಡೆ ಇದೆ ಭಾವ. ಒಳಗೇನು ಹುಡುಕ್ತಿದೀಯ, ಅಕ್ಕ ಬಚ್ಚಿಟ್ಟ ಬ್ರಾಂದಿನಾ?" ಎಂದ ವೆಂಡೆಲಿನ್. ಕಾಸ್ಪರನ ಹೆಂಡತಿಯ ತಮ್ಮ ಅವನು. ಚಳಿಗಾಲವಿಡೀ ಜನರನ್ನು ಬೆಟ್ಟದ ಮೇಲೆ ಕರೆದೊಯ್ಯುವುದು ಅವನ ಕಸುಬು. ಮರುದಿನ ಬೆಳಿಗ್ಗೆ ಒಂದು ತಂಡವನ್ನು ಹಿಮನದಿ ದಾಟಿಸಬೇಕಿತ್ತು. ಪಕ್ಕದಲ್ಲಿ ತನ್ನ ಸರದಿಗಾಗಿ ಕೂತಿದ್ದ ಬೇಕರಿಯ ಹಿಲ್ಡೆಯ ಕಡೆ ತಿರುಗಿ ಅವನು ಮುಂದುವರಿಸಿದ: "ನೋಡು, ಭಾವನ ಅಟ್ಟೆ ಹಾಕ್ಕೊಂಡ್ಮೇಲೆ ನೋವು ಅನ್ನೋದೇ ಮರ್ತೋಗಿದೆ. ಬೂಟಲ್ಲ ಇದು, ಮನೇಲಿ ಹಾಕ್ಕೊಳೋ ಚಪ್ಪಲಿ."

"ನನ್ ಗಂಡಂಗೂ ಒಂದು ಮಾಡ್ಕೊಡು ಕಾಸ್ಪರ್," ಎಂದಳು ಹಿಲ್ಡೆ. "ಕಾಲಿಗಲ್ಲ, ಬಾಯಿಗೆ."

ವೆಂಡೆಲಿನ್ ತೊಡೆ ತಟ್ಟಿ ನಕ್ಕ. ಕಾಸ್ಪರ್ ನಗಲಿಲ್ಲ. ಆ ಕಣಿವೆಯಲ್ಲಿ ಬೂಟನ್ನು ಶಪಿಸದ ಗೈಡ್ ಇರಲಿಲ್ಲ. ವೆಂಡೆಲಿನ್ ಎಲ್ಲರಿಗಿಂತ ಜೋರಾಗಿ ಶಪಿಸುತ್ತಿದ್ದ. ಕ್ರಿಸ್‌ಮಸ್ ಹೊತ್ತಿಗೆ ಹೊಸ ಅಟ್ಟೆ ಹಾಕಿಸಿಕೊಂಡವನು ಶಾಪ ನಿಲ್ಲಿಸಿ, ಹೆಂಡದಂಗಡಿಯ ಮೇಜು ಮೇಜಿಗೂ ಹೋಗಿ ಭಾವನ ಕೈಗುಣವನ್ನು ಹೊಗಳಿದ್ದ. ಅಂದಿನಿಂದ ಅಂಗಡಿಯ ಬೆಂಚು ಖಾಲಿ ಬಿದ್ದದ್ದಿಲ್ಲ. ಕಾಸ್ಪರ್ ಕೂಡ ಆ ಹೊಗಳಿಕೆಯನ್ನು ನಂಬಿದ್ದ.

ಪಾದದ ಒಳಬದಿಯ ಕಮಾನಿಗೆ ಆಸರೆಯಾಗಲೆಂದು ಮಾಡಿದ್ದ ಉಬ್ಬು ಇಲ್ಲಿ ಹೊರಬದಿಗೆ ಬಂದಿತ್ತು. ಬೂಟಿನ ಬಾಗಿಗೆ ಒಗ್ಗದೆ ಒಂದು ಅಂಚು ಮಡಚಿ, ಗಟ್ಟಿಯಾಗಿ ಮೇಲೆದ್ದಿತ್ತು. ಹಾಗೆ ಅದಲುಬದಲಾದ ಅಟ್ಟೆಯ ಮೇಲೆ ಯಾರೂ ಬಾಗಿಲಿನಿಂದ ರಸ್ತೆಯವರೆಗೂ ನಡೆಯಲಾರರು.

"ಇವನ್ನ ಕೊನೇ ಸಲ ಯಾವಾಗ ಒಣಗಿಸ್ದೆ?"

"ಹೋದ ಭಾನುವಾರ. ಎಲ್ಲರ ಹಂಗೆ, ಒಲೆ ಪಕ್ಕದ ಹಲಗೆ ಮೇಲೆ."

"ವಾಪಸ್ ಬೂಟೊಳಗೆ ಹಾಕಿದ್ದು ಯಾರು?"

"ನಾನೇ. ಇನ್ಯಾರು, ನಾಯಿ ಹಾಕುತ್ತಾ?"

"ಆಮೇಲೆ ದಿನಾ ಬೆಟ್ಟ ಹತ್ತಿದೀಯ."

"ಹತ್ತದೆ? ಹೂವಿನ ಮೇಲೆ ನಡೆದಂಗಿತ್ತು ಅಂತಿದೀನಲ್ಲ."

"ಸಾಕ್ಸ್ ತೆಗಿ," ಎಂದ ಕಾಸ್ಪರ್.

ಬಲಗಾಲಿನ ಸಾಕ್ಸ್ ಸುಲಭವಾಗಿ ಬರಲಿಲ್ಲ. ಕಿರುಬೆರಳಿನ ಕೆಳಗೆ ಕಂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು. ವೆಂಡೆಲಿನ್ ಅದನ್ನು ಹಣ್ಣಿನ ಸಿಪ್ಪೆಯಂತೆ ಎಳೆದು ಕಿತ್ತ. ಮುಖ ಒಂದಿಷ್ಟೂ ಕಿವುಚಲಿಲ್ಲ. ವಾಸನೆಗೆ ಹಿಲ್ಡೆ ಪಕ್ಕಕ್ಕೆ ತಿರುಗಿದಳು. ಪಾದದ ಹೊರ ಅಂಚಿನಲ್ಲಿ ಹುಣ್ಣೊಂದು ಬಾಯಿ ಬಿಟ್ಟಿತ್ತು: ನಡುವೆ ಬೆಳ್ಳಗೆ, ಸುತ್ತ ಕಪ್ಪು. ವೆಂಡೆಲಿನ್ ಅದನ್ನು ಬೇರೆ ಯಾರದೋ ಕಾಲೆಂಬಂತೆ ಬಗ್ಗಿ ನೋಡಿದ.

"ಇದ್ಯಾವಾಗಾಯ್ತು?" ಎಂದು ಕಾಸ್ಪರನನ್ನೇ ಕೇಳಿದ.

"ಡಾಕ್ಟ್ರು ಸಕ್ಕರೆ ಕಾಯಿಲೆ ಅಂದಿದ್ರಲ್ಲ, ಮತ್ತೆ ಹೋಗಿದ್ಯಾ?"

"ಕಾಫಿಗೆ ಸಕ್ಕರೆ ಬಿಟ್ನಲ್ಲ. ಇನ್ನೇನು ಹೋಗೋದು?"

"ದಿನಾ ಬೆಳಿಗ್ಗೆ ನನ್ನಂಗಡೀಲಿ ಜಾಮ್ ಬನ್ನು ತಿಂತೀಯಲ್ಲೋ," ಎಂದಳು ಹಿಲ್ಡೆ ಮೆಲ್ಲಗೆ. ಈ ಸಲ ಯಾರೂ ನಗಲಿಲ್ಲ.

ಕಾಸ್ಪರ್ ಬೂಟುಗಳನ್ನು ಬೆಂಚಿನ ಕೆಳಗೆ ತಳ್ಳಿದ. "ಈಗಲೇ ಆಸ್ಪತ್ರೆಗೆ ನಡಿ. ಇವತ್ತು ಹೋದ್ರೆ ಒಂದು ಬೆರಳಲ್ಲಿ ಮುಗೀಬಹುದು. ನಾಳೆ ಈ ಕಾಲನ್ನ ಬೂಟೊಳಗೆ ತುರುಕಿದ್ರೆ ಕಾಲೇ ಹೋಗುತ್ತೆ."

"ಹುಣ್ಣಾದೋರೆಲ್ಲ ಕಾಲು ಕಳ್ಕೊಂಡ್ರಾ? ಮುಲಾಮು ಹಚ್ಚಿ ಪಟ್ಟಿ ಸುತ್ತು, ಸಾಕು. ನಾಳೆ ನಾನು ಹೋಗ್ಲಿಲ್ಲ ಅಂದ್ರೆ ಬೇರೆಯೋನು ಹೋಗ್ತಾನೆ. ಆಮೇಲೆ ಯಾವಾಗ್ಲೂ ಅವನೇ. ಬೆಟ್ಟ ಬಿಟ್ಟು ನಾನೇನು ಮಾಡ್ಲಿ, ಲಿಫ್ಟ್ ಕೆಳಗೆ ನಿಂತು ಟಿಕೆಟ್ ಹರೀಲಾ?" ವೆಂಡೆಲಿನ್‌ನ ದನಿ ಏರಿತು. "ನೋವಿದ್ರೆ ತಾನೇ ನಿಲ್ಲೋದು? ನನಗೆ ನೋವೇ ಇಲ್ಲ!"

ಕಾಸ್ಪರ್ ಮೇಜಿನ ಕಡೆ ಕೈ ಚಾಚಿದ. ಬೂಟು ಎಲ್ಲಿ ಒತ್ತುತ್ತದೆಂದು ತಿಳಿಯಲು ಗಿರಾಕಿಗಳ ಕಾಲಿನ ಮೂಳೆಗೆ ಹಚ್ಚುವ ಲಿಪ್‌ಸ್ಟಿಕ್ ಮೇಜಿನ ಮೇಲಿತ್ತು. ಅದನ್ನು ತೆಗೆದುಕೊಂಡು ನೆಲದ ಮೇಲೆ ಮೊಣಕಾಲೂರಿ ಕೂತ.

"ಆಯ್ತು. ಕಣ್ಣು ಮುಚ್ಕೊ. ನಾನು ಪಾದ ಮುಟ್ಟಿದಾಗಲೆಲ್ಲ 'ಹೂಂ' ಅನ್ನು. ಸರಿಯಾಗಿ ಹೇಳಿದ್ರೆ ಬಕಲ್ ಹಾಕ್ಕೊಡ್ತೀನಿ, ನಾಳೆ ಹೋಗು."

"ಮಾತು ಮಾತೇ! ಹಿಲ್ಡೆ, ನೀನೇ ಸಾಕ್ಷಿ."

ವೆಂಡೆಲಿನ್ ಗೋಡೆಗೊರಗಿ ಕಣ್ಣು ಮುಚ್ಚಿದ. ಕಾಸ್ಪರ್ ಹೆಬ್ಬೆರಳಿನ ತುದಿಗೆ ಒಂದು ಕೆಂಪು ಚುಕ್ಕೆ ಇಟ್ಟ. ಕಾದ. ಹಿಮ್ಮಡಿಗೊಂದು ಇಟ್ಟ. ಪಾದದ ನಡುವೆ, ಕಮಾನಿನಲ್ಲಿ, ಬೆರಳುಗಳ ಬುಡದಲ್ಲಿ ಇಟ್ಟ. ಆಮೇಲೆ ಲಿಪ್‌ಸ್ಟಿಕ್ ಮುರಿಯುವಷ್ಟು ಬಲವಾಗಿ ಒತ್ತಿದ. ಹಿಲ್ಡೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪಾದವೆಲ್ಲ ಕೆಂಪಾಗಿತ್ತು.

"ಶುರು ಮಾಡು ಭಾವ," ಎಂದ ವೆಂಡೆಲಿನ್, ಕಣ್ಣು ಮುಚ್ಚಿಕೊಂಡೇ ನಗುತ್ತ. "ಎಷ್ಟು ಹೊತ್ತು ಕಾಯ್ಸ್ತೀಯ?"