ಮರೆತುಹೋದ ಪಾಸ್‌ವರ್ಡ್

"ಹ್ವಾಯ್, ಚೇತನಮ್ಮ! ಪ್ರೇಕ್ಷಂಗೆ ಹೆರ್ಗಿ ಆಯ್ತಂಬ್ರ್! ಹೆಣ್ ಮಗು!"

ಅಪ್ಪಿ ಗೇಟಿನ ಹೊರಗೇ ನಿಂತು ಕೂಗಿದಳು. ಗುಡ್ಡ ಹತ್ತಿ ಓಡಿಬಂದವಳಿಗೆ ಉಸಿರು ನಿಲ್ಲುತ್ತಿರಲಿಲ್ಲ. ಅವಳ ಗಂಡ ಕುಷ್ಟ ಹಾಲಾಡಿ ಪೇಟೆಯಲ್ಲಿದ್ದಾಗ ಮುಂಬಯಿಯಿಂದ ಮಗಳು ಪ್ರೇಕ್ಷಾಳ ಗಂಡ ಫೋನ್ ಮಾಡಿದ್ದನಂತೆ. ಸುದ್ದಿ ಕುಷ್ಟನ ಜೊತೆ ಬಸ್ಸಿನಲ್ಲಿ ಕೆರಾಡಿಗೆ ಬಂದಿತ್ತು. ಮಗುವಿನ ಮುಖ ಬರಬೇಕಾದರೆ ಮಾತ್ರ ವೈಫೈ ಬೇಕು. ಕಾಡಿನಂಚಿನ ಆ ಮೂಲೆಯಲ್ಲಿ ಯಾವ ಮೊಬೈಲಿಗೂ ಸಿಗ್ನಲ್ ಇರಲಿಲ್ಲ. ವೈಫೈ ಇದ್ದದ್ದು ಚೇತನಾಳ ಮನೆಯಲ್ಲೊಂದೇ.

"ಮಗಿನ ಮೋರೆ ಒಂದ್ಸಲ ಕಾಣ್ಕಿತ್ತ್," ಎಂದವಳು ಕೂಡಲೇ ನಾಲಿಗೆ ಕಚ್ಚಿಕೊಂಡಳು. "ಅಯ್ಯ, ಪಾಸ್‌ವರ್ಡ್ ಮರ್ತ್ ಹೋಯ್ತ್ ಅಂದಿದ್ರಿ ಅಲ್ದಾ? ಇನ್ನೂ ನೆನಪಾಯ್ಲಿಲ್ಯಾ?"

ಚೇತನಾ ಗೇಟಿನ ಚಿಲಕದ ಮೇಲಿಟ್ಟ ಕೈಯನ್ನು ಹಾಗೇ ಇಟ್ಟುಕೊಂಡಳು. ಮರೆತಿದೆ ಎಂದದ್ದು ಆಗ ಸುಳ್ಳಾಗಿತ್ತು. ಮಳೆಗಾಲ ಮುಗಿಯುವವರೆಗೂ ಅಪ್ಪಿ ದಿನಾ ಮಧ್ಯಾಹ್ನ ಬಂದು ಜಗಲಿಯಲ್ಲಿ ಕೂತು, ಮುಂಬಯಿಗೇ ನೇರವಾಗಿ ಕೇಳುವ ಹಾಗೆ ಮಗಳ ಜೊತೆ ಮಾತಾಡುತ್ತಿದ್ದಳು. ಚೇತನಾಳಿಗೆ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಒಂದು ದಿನ ಗಂಡ ರಾಜೇಂದ್ರನ ಹತ್ತಿರ ರೇಗಿದಳು. ಅವನು ನಗುತ್ತಾ ಏನೋ ಒತ್ತಿ ಪಾಸ್‌ವರ್ಡ್ ಬದಲಿಸಿದ. ಮರುದಿನ ಅಪ್ಪಿಯ ಫೋನಿಗೆ ವೈಫೈ ಹಿಡಿಯಲಿಲ್ಲ. ಮರೆತುಹೋಯಿತು ಎಂದಳು ಚೇತನಾ. ಅಪ್ಪಿ ನಂಬಿದಳು, ಮತ್ತೆ ಬರಲಿಲ್ಲ.

ಈಗ ಆ ಸುಳ್ಳು ನಿಜವಾಗಿತ್ತು. ಚೇತನಾಳ ಹಳೆಯ ಫೋನ್ ನೀರಿಗೆ ಬಿದ್ದು ಹಾಳಾಗಿ, ಹೊಸದು ನಿನ್ನೆ ಬಂದಿತ್ತು. ಅದಕ್ಕೆ ವೈಫೈ ಹಾಕಿಕೊಡುವ ಮೊದಲೇ ರಾಜೇಂದ್ರ ಶಿವಮೊಗ್ಗಕ್ಕೆ ಹೋಗಿದ್ದ. ಅವನನ್ನು ಕೇಳೋಣವೆಂದರೂ ಆ ವೈಫೈಯೇ ಬೇಕು.

"ಒಳ್ಗ್ ಬನ್ನಿ, ಅಪ್ಪಿಯಕ್ಕ. ಎಂತಾರೂ ಮಾಡುವ," ಎಂದಳು.

ಮನೆಯ ಹೆಸರು ಹಾಕಿ ನೋಡಿದಳು, ಕಾರಿನ ನಂಬರು ಹಾಕಿದಳು, ದೇವರ ಹೆಸರನ್ನೂ ಹಾಕಿದಳು. ಯಾವುದೂ ಆಗಲಿಲ್ಲ. ಅಪ್ಪಿ ಸೋಫಾದಲ್ಲಿ ಕೂರದೆ, ಗೋಡೆಯಲ್ಲಿ ಓಡುತ್ತಿದ್ದ ಟಿವಿಯನ್ನೇ ನೋಡುತ್ತಾ ನಿಂತಿದ್ದಳು.

"ಈ ಟಿವಿಗೆ ವೈಫೈ ಬತ್ತಿತ್ತಲೆ, ಚೇತನಮ್ಮ. ಹಂಗಾರೆ ಅದ್ಕೆ ಪಾಸ್‌ವರ್ಡ್ ಗೊತ್ತಿರ್ಕಲ್ದಾ?"

ಹೌದಲ್ಲ! ಚೇತನಾ ರಿಮೋಟು ಹಿಡಿದು ಸೆಟ್ಟಿಂಗ್ಸಿಗೆ ಹೋದಳು. ತಡಕಾಡಿ, ದಾರಿ ತಪ್ಪಿ, ಹಿಂದೆ ಬಂದು, ಕೊನೆಗೆ ಮನೆಯ ವೈಫೈ ಹೆಸರಿನ ಕೆಳಗೆ 'ಶೇರ್' ಎಂಬುದನ್ನು ಕಂಡು ಒತ್ತಿದಳು. ಕಪ್ಪು ಬಿಳುಪಿನ ಚೌಕವೊಂದು ಪರದೆಯ ತುಂಬ ಮೂಡಿತು. ರಿಮೋಟು ಕೆಳಗಿಟ್ಟು, ಅಪ್ಪಿಯ ಫೋನಿನ ಕ್ಯಾಮೆರಾವನ್ನು ಅದಕ್ಕೆ ಹಿಡಿದಳು. ವೈಫೈ ಬಂತು. ಅಬ್ಬ ಎಂದು ತಲೆಯೆತ್ತಿದಾಗಲೇ ಅವಳಿಗೆ ಚೌಕದ ಕೆಳಗಿನ ಅಕ್ಷರಗಳು ಕಂಡದ್ದು. ಇಂಗ್ಲಿಷ್ ಅಕ್ಷರ, ಆದರೆ ಊರಿನದೇ ಮಾತು. ಜಾಗ ಬಿಡದೆ ಬರೆದಿತ್ತು: 'ಅಪ್ಪಿಬಪ್ಪುದ್‌ಬ್ಯಾಡ.'

ಅವಳದೇ ಮಾತು. ಅಪ್ಪಿ ಬರುವುದೇ ಬೇಡ ಎಂದು ಅವತ್ತು ರೇಗಿದಾಗ ಅವಳು ಹೇಳಿದ್ದೇ ಅದು. "ನೀ ಹೇಳದ್ದನ್ನೇ ಇಟ್ಟೆ, ಕಾಣ್," ಎಂದು ರಾಜೇಂದ್ರ ನಕ್ಕಿದ್ದ, ಅವಳೂ ನಕ್ಕಿದ್ದಳು.

"ಎ... ಪಿ... ಪಿ... ಐ..." ಹಿಂದಿನಿಂದ ಅಪ್ಪಿ ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು. "ಅಪ್ಪಿ! ಚೇತನಮ್ಮ, ಇದ್ ನನ್ ಹೆಸ್ರಲ್ದಾ? ಇಷ್ಟ್ ಒಂದ್ ಪ್ರೇಕ್ಷ ನಂಗೆ ಕಲ್ಸಿ ಹೋಯ್ತ್. ನಿಮ್ ಮನಿ ವೈಫೈಗೆ ನನ್ ಹೆಸ್ರ್ ಇಟ್ಟಿದ್ರ್ಯಾ?"

ಅಪ್ಪಿಯ ಕಣ್ಣು ತುಂಬಿತ್ತು. ಅಷ್ಟರಲ್ಲಿ ಅಪ್ಪಿಯ ಫೋನು ಬಡಿದುಕೊಳ್ಳತೊಡಗಿತು. ಪ್ರೇಕ್ಷಾಳ ವಿಡಿಯೋ ಕಾಲ್.

ಬಿಳಿ ಬಟ್ಟೆಯಲ್ಲಿ ಸುತ್ತಿದ ಕೆಂಪು ಮುಖವೊಂದು ಪರದೆಯಲ್ಲಿ ಆಕಳಿಸಿತು. ಅಪ್ಪಿ ನಕ್ಕಳು, ಅತ್ತಳು, ಮೂಗು ತನ್ನ ಹಾಗೇ ಇದೆ ಎಂದಳು. ಆಮೇಲೆ, "ಮಗಾ, ಇಲ್ಲ್ ಕಾಣ್! ನಾ ಬತ್ತಿಲ್ದಿರೂ ಇವ್ರ್ ನನ್ನ ಮರೀಲಿಲ್ಲೆ. ನನ್ ಹೆಸ್ರೇ ಇಟ್ಟಿದ್ರ್!" ಎನ್ನುತ್ತಾ ಫೋನನ್ನು ಟಿವಿಯ ಕಡೆ ತಿರುಗಿಸಿದಳು. ಚೇತನಾ ರಿಮೋಟಿಗೆ ಕೈಹಾಕುವಷ್ಟರಲ್ಲಿ ತಡವಾಗಿತ್ತು.

ಪ್ರೇಕ್ಷಾ ಕುಂದಾಪುರದಲ್ಲಿ ಡಿಗ್ರಿ ಓದಿದ ಹುಡುಗಿ.

"ಕಂಡ್ತಾ ಮಗಾ?"

"ಕಂಡ್ತಮ್ಮ," ಎಂದಳು ಪ್ರೇಕ್ಷಾ. "ನಿನ್ ಹೆಸ್ರೇ. ಫೋನ್ ಒಂಚೂರ್ ಅವ್ರಿಗ್ ಕೊಡ್."

ಚೇತನಾ ಫೋನನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಬಾಣಂತಿಯ ಮುಖ ಬಾಡಿತ್ತು. ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಅಮ್ಮನಿಗೆ ಕೇಳದಷ್ಟು ಮೆಲ್ಲಗಿತ್ತು.

"ಅಮ್ಮಂಗೆ ಇಂಗ್ಲಿಷಲ್ಲಿ ತನ್ ಹೆಸ್ರ್ ಒಂದೇ ಓದುಕೆ ಬಪ್ಪುದ್, ಚೇತನಕ್ಕ. ಆ ಹೆಸ್ರಿನ್ ಮುಂದಿಂದ್ ನಾ ಕಲ್ಸುದಿಲ್ಲೆ."