ಪಕ್ಕದ ಸೀಟು

ಮೊದಲ ಗೇಟಿನ ಮುಂದೆ ಲೋರ್ನಾ ಬ್ರೇಕ್ ಒತ್ತಿ ಸುಮ್ಮನೆ ಕೂತಳು. ಮೇವು ಹೊರಲೂ ಬೇಟೆಗೆ ಹೋಗಲೂ ಆಗುವ ಈ ಗಾಡಿಯನ್ನು ಅಂಗಡಿಯವನು ಓಡಿಸಿ ನೋಡಲು ಕೊಟ್ಟಿದ್ದ. ಕೀ ಮೊದಲು ಸಿಕ್ಕಿದ್ದು ಅವಳ ಕೈಗೆ.

"ಇದು ಬೇಡ, ಅಂಗಡೀಲಿದ್ದ ಆ ಕೆಂಪು ಗಾಡಿನೇ ತಗೊಳ್ಳೋಣ. ಅದರ ಸ್ಪೀಡ್ ಜಾಸ್ತಿ," ಎಂದ ಗಂಡ ವೆಂಡೆಲ್.

"ಮೊದ್ಲು ಇಳಿ. ಪಕ್ಕದಲ್ಲಿ ಕೂತೋರೇ ಅಲ್ವಾ ಗೇಟ್ ತೆಗೆಯೋದು?"

ದನ ದಾಟದಂತೆ ಅಲ್ಲಲ್ಲಿ ಗೇಟು ಹಾಕಿದ ಮೊಂಟಾನಾದ ಹುಲ್ಲುಗಾವಲಿನಲ್ಲಿ ಅದೇ ಕಾನೂನು. ಮೂವತ್ತು ವರ್ಷ ಹಿಮಕ್ಕೂ ಕೆಸರಿಗೂ ಇಳಿದವಳು ಅವಳೇ. ಅವಳು ಗೇಟು ಮುಚ್ಚಿ ಬಂದು ಗಾಡಿಯ ಬಾಗಿಲಿಗೆ ಕೈಯಿಡುವಷ್ಟರಲ್ಲಿ ಅವನು ಪ್ರತಿ ಸಲವೂ ಗಾಡಿಯನ್ನು ಹತ್ತು ಹೆಜ್ಜೆ ಮುಂದಕ್ಕೆ ಬಿಟ್ಟು ನಗುತ್ತಿದ್ದ.

ವೆಂಡೆಲ್ ಗೇಟು ತೆಗೆದ, ಗಾಡಿ ದಾಟಿದ ಮೇಲೆ ಮುಚ್ಚಿದ, ಕೆಸರು ಕೊಡವುತ್ತ ಬಂದು ಬಾಗಿಲಿಗೆ ಕೈ ಚಾಚಿದ. ಲೋರ್ನಾ ಹತ್ತು ಹೆಜ್ಜೆ ಮುಂದಕ್ಕೆ ಬಿಟ್ಟಳು.

"ಇನ್ನೂ ಆರು ಗೇಟ್ ಇದೆ, ವೆಂಡೆಲ್. ನಂಗೆ ಈ ಗಾಡಿನೇ ಇರ್ಲಿ."